ನೂರಕ್ಕೆ ಎಪ್ಪತ್ತೊಂದು

ದ್ವಿತೀಯ ಪಿಯುಸಿಯ ಸಂಖ್ಯಾಶಾಸ್ತ್ರದಲ್ಲಿ ನಮಗೆಲ್ಲ ಅತ್ಯಂತ ಒಣ ಪಾಠವಾಗಿ ಕಂಡದ್ದು ಪ್ರಾಕ್ಕಲ್ಪನೆಯ ಪರೀಕ್ಷೆ. ‘ಶೂನ್ಯ ಪ್ರಾಕ್ಕಲ್ಪನೆ’ ಎಂಬ ಹೆಸರು ಕೇಳಿಯೇ ಹಿಂದಿನ ಬೆಂಚಿನವರು ನಕ್ಕಿದ್ದರು. ಮೇಷ್ಟ್ರು ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ನಾಣ್ಯವೊಂದನ್ನು 400 ಸಲ ಚಿಮ್ಮಿದಾಗ 216 ಸಲ ಹೆಡ್ ಬಿದ್ದಿದೆ, ನಾಣ್ಯ ಸರಿಯಾದದ್ದೇ? ಸರಿಯಾದ ನಾಣ್ಯದಲ್ಲಿ 200 ನಿರೀಕ್ಷಿಸಬಹುದು. ಬಂದದ್ದು 16 ಹೆಚ್ಚು. ಆಕಸ್ಮಿಕವಾಗಿ ಆಗುವ ಏರುಪೇರಿನ ಅಳತೆ, ಅಂದರೆ ಸ್ಟ್ಯಾಂಡರ್ಡ್ ಎರರ್, 10. ಭಾಗಿಸಿದರೆ 1.6. ಅದು 1.96ಕ್ಕಿಂತ ಕಡಿಮೆ, ಆದ್ದರಿಂದ ಎಚ್ ನಾಟ್ ಸ್ವೀಕರಿಸಲಾಗಿದೆ.

ನಾವು ಅದನ್ನು ಮಗ್ಗಿಯಂತೆ ಉರು ಹೊಡೆದೆವು. ಸೂತ್ರ ಗೊತ್ತಿದ್ದರೆ ಅಂಕ ಖಚಿತ ಎಂಬುದು ಹಿರಿಯ ವಿದ್ಯಾರ್ಥಿಗಳಿಂದ ಬಂದ ತಿಳಿವಳಿಕೆ. ಯಾವುದನ್ನು ಸ್ವೀಕರಿಸಿದೆವು, ಯಾಕೆ ಸ್ವೀಕರಿಸಿದೆವು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಅದು 1995ರ ಜನವರಿ. ಮಂಡ್ಯ ಸೀಮೆಯ ನಮ್ಮೂರಿನಲ್ಲಿ ಬೇಸಿಗೆ ಭತ್ತಕ್ಕೆ ಸಿದ್ಧತೆ ನಡೆದಿತ್ತು. ಅಪ್ಪ ಪೇಟೆಯ ಅಂಗಡಿಯಿಂದ ನಾಲ್ಕು ಚೀಲ ಬಿತ್ತನೆ ಬೀಜ ತಂದಿದ್ದರು. ಪ್ರಮಾಣೀಕೃತ ಬೀಜದ ನೀಲಿ ಚೀಟಿಯಲ್ಲಿ ಮೊಳಕೆ ಪ್ರಮಾಣ ಕನಿಷ್ಠ ಶೇಕಡಾ 80 ಎಂದಿತ್ತು. ಭತ್ತಕ್ಕೆ ಸರ್ಕಾರ ನಿಗದಿ ಮಾಡಿರುವ ಮಟ್ಟವೇ ಅದು. ಆದರೆ ಅಪ್ಪ ಚೀಟಿಯನ್ನು ನಂಬಿ ಸಸಿಮಡಿ ಮಾಡಿದವರಲ್ಲ. ಬಾಯಿ ಬಿಚ್ಚಿದ್ದ ಚೀಲದಿಂದ ಒಂದು ಹಿಡಿ ತೆಗೆದು, ನೂರು ಕಾಳು ಎಣಿಸಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟರು. ವಾರ ಬಿಟ್ಟು ಬಿಚ್ಚಿ ಎಣಿಸಿದರೆ ಮೊಳೆತದ್ದು ಎಪ್ಪತ್ತೊಂದು.

‘ನೂರಕ್ಕೆ ಎಂಬತ್ತು ಅಂತ ಬರೆದವ್ರೆ. ಇದು ಮೋಸ ಅಲ್ದೆ ಇನ್ನೇನವ್ವಾ?’ ಎಂದರು ಅಪ್ಪ. ಅಂದೇ ಸಂಜೆ ಅಂಗಡಿಗೆ ಹೋಗಿ ನಾಲ್ಕು ಜನರ ಎದುರು ಕೂಗಾಡಿ ಬಂದರು. ಇಪ್ಪತ್ತು ವರ್ಷ ನಮ್ಮ ಮನೆಗೆ ಸಾಲದ ಮೇಲೆ ಗೊಬ್ಬರ ಕೊಟ್ಟ ಅಂಗಡಿ ಅದು. ಮರುದಿನ ಅಕ್ಕಪಕ್ಕದ ಗದ್ದೆಯವರು ಜಗಲಿಯಲ್ಲಿ ಸೇರಿದರು. ಕೃಷಿ ಇಲಾಖೆಗೆ ಅರ್ಜಿ ಕೊಡುವುದೆಂದು ತೀರ್ಮಾನವಾಯಿತು. ಬರೆಯುವವರು ಯಾರು? ಕಾಲೇಜಿಗೆ ಹೋಗುವ ನಾನು. ‘ಮೋಸ ಮಾಡವ್ರೆ ಅಂತ ಚೆನ್ನಾಗಿ ಬರಿ’ ಎಂದು ಅಪ್ಪ ಬಿಳಿ ಹಾಳೆ ತಂದುಕೊಟ್ಟರು.

ರಾತ್ರಿ ಪೆನ್ನು ಹಿಡಿದು ಕುಳಿತಾಗ ಬೋರ್ಡಿನ ನಾಣ್ಯ ನೆನಪಾಯಿತು. ಚೀಟಿ ಹೇಳುವುದು ನಿಜವಿರಬಹುದು ಎಂಬುದೇ ಶೂನ್ಯ ಪ್ರಾಕ್ಕಲ್ಪನೆ. 0.8ನ್ನು 0.2ರಿಂದ ಗುಣಿಸಿ, 100ರಿಂದ ಭಾಗಿಸಿ, ವರ್ಗಮೂಲ ತೆಗೆದರೆ 0.04. ಕೊರತೆ 0.09. ಝಡ್ ಬೆಲೆ ಮೈನಸ್ 2.25. ಕೋಷ್ಟಕ ತೆಗೆದು ನೋಡಿ ಗಾಬರಿಯಾದೆ. ಶೇಕಡಾ 5ರ ಮಟ್ಟದಲ್ಲಿ ಗಡಿ ಮೈನಸ್ 1.645, ಆ ಪ್ರಕಾರ ಚೀಟಿ ಸುಳ್ಳು. ಶೇಕಡಾ 1ರ ಮಟ್ಟದಲ್ಲಿ ಗಡಿ ಮೈನಸ್ 2.33, ಆ ಪ್ರಕಾರ ಸುಳ್ಳೆನ್ನಲು ಬರುವುದಿಲ್ಲ. ಒಂದೇ ಬೀಜ, ಒಂದೇ ಲೆಕ್ಕ, ಎರಡು ತೀರ್ಪು!

ಬೆಳಿಗ್ಗೆ ಮೇಷ್ಟ್ರ ಮುಂದೆ ನಿಂತೆ. ‘ಸಾರ್, ಯಾವುದು ಸರಿ?’

ಅವರು ನನ್ನ ಲೆಕ್ಕ ನೋಡಿ ನಕ್ಕರು. ‘ಲೆಕ್ಕ ಸರಿಯಾಗಿದೆಯಮ್ಮ. ನಿಜವಾಗಿ 80 ಮೊಳೆಯುವ ಬೀಜದಲ್ಲೂ ನೂರು ಸಲ ಹೀಗೆ ಎಣಿಸಿದರೆ ಒಂದೆರಡು ಸಲ 71 ಅಥವಾ ಇನ್ನೂ ಕಡಿಮೆ ಬರುತ್ತೆ. ಅಷ್ಟು ಅಪರೂಪವಾದದ್ದನ್ನು ನೀನು ಆಕಸ್ಮಿಕ ಅಂತ ಬಿಡ್ತೀಯೋ ಇಲ್ಲವೋ, ಅದನ್ನು ಕಾಳು ಎಣಿಸೋಕೆ ಮುಂಚೆ ತೀರ್ಮಾನಿಸಬೇಕಿತ್ತು. ಉತ್ತರ ನೋಡಿಕೊಂಡು ಗಡಿ ಹಾಕಬಾರದು.’

ಆಮೇಲೆ ಎರಡು ತಪ್ಪುಗಳ ವಿಷಯ ಹೇಳಿದರು. ಒಳ್ಳೆಯ ಬೀಜವನ್ನು ಕೆಟ್ಟದ್ದೆಂದರೆ ತಪ್ಪು ಮಾಡದ ಅಂಗಡಿಯವನ ಮಾನ ಹೋಗುತ್ತದೆ. ಅದು ಮೊದಲ ಬಗೆಯ ತಪ್ಪು. ಕೆಟ್ಟ ಬೀಜವನ್ನು ಸರಿ ಎಂದು ಬಿಟ್ಟರೆ ರೈತನ ಬೆಳೆ ಹೋಗುತ್ತದೆ, ಅದು ಎರಡನೆಯದು. ಕಾಳುಗಳ ಸಂಖ್ಯೆ ಅಷ್ಟೇ ಇದ್ದರೆ ಒಂದನ್ನು ತಗ್ಗಿಸಿದಾಗ ಇನ್ನೊಂದು ಏರುತ್ತದೆ. ಎರಡೂ ತಗ್ಗಬೇಕಾದರೆ ಹೆಚ್ಚು ಕಾಳು ಎಣಿಸಬೇಕು. ಯಾವ ತಪ್ಪು ಹೆಚ್ಚು ದುಬಾರಿ ಎಂಬುದನ್ನು ಮಾತ್ರ ಯಾವ ಕೋಷ್ಟಕವೂ ಹೇಳುವುದಿಲ್ಲ. ನಾನು ಉರು ಹೊಡೆದ ಪಾಠದಲ್ಲಿ ಇಷ್ಟೆಲ್ಲ ಇತ್ತೆಂದು ಅಂದು ಗೊತ್ತಾಯಿತು.

ಕೊನೆಗೆ ಕೇಳಿದರು: ‘ಆ ನೂರು ಕಾಳು ಎಲ್ಲಿಂದ ತೆಗೆದಿರಿ?’

ನಾನು ತಲೆ ತಗ್ಗಿಸಿದೆ. ಆ ಚೀಲ ಕಲಗಚ್ಚಿನ ಬಾನಿಯ ಪಕ್ಕದಲ್ಲಿತ್ತು. ಬಾಯಿ ಬಿಚ್ಚಿತ್ತು. ಹಿಡಿ ತೆಗೆದದ್ದು ಮೇಲಿನಿಂದ. ಉಳಿದ ಮೂರು ಚೀಲ ಮುಟ್ಟಿಯೇ ಇರಲಿಲ್ಲ.

‘ಅದು ನಾಲ್ಕು ಚೀಲದ ಮಾದರಿ ಅಲ್ಲ, ಒಂದು ಚೀಲದ ಬಾಯಿಯ ಮಾದರಿ. ಪ್ರಯೋಗಾಲಯದಲ್ಲಿ 400 ಕಾಳು ನೋಡ್ತಾರೆ. ನೀವೂ ಹಾಗೇ ಮಾಡಿ. ಪ್ರತಿ ಚೀಲದಿಂದ ನೂರು; ಮೇಲೆ, ನಡುವೆ, ಅಡಿಯಿಂದ. ಗಡಿ ಈಗಲೇ ಬರೆದಿಟ್ಟುಕೋ. ಇದೇ ಕೊನೆ, ಬೇಕಾದ ಉತ್ತರ ಬರೋವರೆಗೆ ಎಣಿಸ್ತಾ ಹೋದರೆ ಅದೂ ಮೋಸವೇ.’

400 ಕಾಳಿಗೆ 320 ನಿರೀಕ್ಷೆ; ಏರುಪೇರಿನ ಅಳತೆ 8 ಕಾಳು. ಶೇಕಡಾ 5ರ ಮಟ್ಟದಲ್ಲಿ ಗಡಿ 306ರ ಮೇಲೆ ಚೂರು. 306 ಅಥವಾ ಕಡಿಮೆ ಬಂದರೆ ಅರ್ಜಿ ಬರೆಯುವುದು, 307 ಅಥವಾ ಹೆಚ್ಚು ಬಂದರೆ ಇಲ್ಲ ಎಂದು ನಾನೂ ಅಪ್ಪನೂ ಒಪ್ಪಂದ ಮಾಡಿಕೊಂಡೆವು. ಅಪ್ಪ ಗೊಣಗಿದರು, ಆದರೆ ಒಪ್ಪಿದರು. ಗೋಡೆಯ ಕ್ಯಾಲೆಂಡರಿನ ಮೇಲೆ 306 ಎಂದು ಬರೆದೆ.

ಆ ವಾರ ಮನೆಯಲ್ಲಿ ಯಾರಿಗೂ ಸಮಾಧಾನವಿರಲಿಲ್ಲ. ಎಂಟನೆಯ ದಿನ ಅಪ್ಪ, ಅವ್ವ, ನಾನು ಮೂವರೂ ಕುಳಿತು ಎಣಿಸಿದೆವು. ಚೀಲವಾರು 78, 81, 74, 76. ಒಟ್ಟು 309.

‘ಅಂಗಾದ್ರೆ ಬೀಜ ಒಳ್ಳೇದು ಅಂತಲಾ?’ ಎಂದರು ಅಪ್ಪ.

‘ಅಲ್ಲಪ್ಪಾ. ಕೆಟ್ಟದ್ದು ಅನ್ನೋಕೆ ಸಾಕಷ್ಟು ಸಾಕ್ಷಿ ಇಲ್ಲ ಅಂತ ಅಷ್ಟೇ.’

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಇರ್ಲಿ, ಮಡಿಗೆ ವಸಿ ದಟ್ಟವಾಗಿ ಚೆಲ್ಲುದ್ರಾಯ್ತು’ ಎಂದರು. ನನ್ನ ಲೆಕ್ಕದ ಅರ್ಥವನ್ನು ಅದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಮರುದಿನ ಅವರು ಪೇಟೆಗೆ ಹೋದರು. ಅಂಗಡಿಯಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. ಬರುವಾಗ ಸೈಕಲ್ಲಿನ ಹಿಂದೆ ಎಂದಿನಂತೆ ಗೊಬ್ಬರದ ಚೀಲವಿತ್ತು. ಬರೆಯದ ಅರ್ಜಿಯ ಬಿಳಿ ಹಾಳೆಯಲ್ಲಿ ನಾನು ಪರೀಕ್ಷೆಗೆ ಲೆಕ್ಕ ಅಭ್ಯಾಸ ಮಾಡಿದೆ.

ಮುಂದೆ ಈ ಪಾಠದ ಹಿಂದಿನ ಕಥೆಗಳನ್ನೂ ಓದಿದೆ. ಹಾಲು ಮೊದಲು ಹಾಕಿದರೋ ಚಹಾ ಮೊದಲೋ ಎಂದು ರುಚಿ ನೋಡಿಯೇ ಹೇಳುತ್ತೇನೆಂದ ಮಹಿಳೆಯ ಮಾತನ್ನು ಎಂಟು ಬಟ್ಟಲುಗಳಿಂದ ಹೇಗೆ ಪರೀಕ್ಷಿಸಬಹುದೆಂದು ಇಂಗ್ಲೆಂಡಿನ ಫಿಶರ್ 1935ರ ಪುಸ್ತಕದಲ್ಲಿ ವಿವರಿಸಿದರು. ಎರಡು ಬಗೆಯ ತಪ್ಪುಗಳನ್ನು ಲೆಕ್ಕಕ್ಕೆ ತಂದವರು ನೇಮನ್ ಮತ್ತು ಪಿಯರ್ಸನ್. ಇದೇ ಶಾಸ್ತ್ರದಲ್ಲಿ ಜಗತ್ತೇ ಗೌರವಿಸಿದ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ. ಅವರು ನೂರೆರಡು ವರ್ಷ ಬಾಳಿ 2023ರಲ್ಲಿ ತೀರಿಕೊಂಡರು.

ಈಗ ನನ್ನ ಮಗಳು ಅದೇ ಪಾಠ ಓದುತ್ತಿದ್ದಾಳೆ. ಮೊನ್ನೆ, ‘ಅಮ್ಮಾ, ಇದಕ್ಕೆ ಎಷ್ಟು ಮಾರ್ಕ್ಸ್ ಬರುತ್ತೆ ಗೊತ್ತಾ?’ ಎಂದಳು. ಮಕ್ಕಳಿಗೆ ಈ ಪ್ರಶ್ನೆ ಕಲಿಸಿದವರು ನಾವೇ, ತಂದೆತಾಯಿಗಳು. ನಾನು ಉತ್ತರ ಹೇಳದೆ ಅಡುಗೆಮನೆಯಿಂದ ಒಂದು ಹಿಡಿ ಹೆಸರುಕಾಳು ತಂದು ಅವಳ ಮುಂದೆ ಸುರಿದೆ. ‘ಎಷ್ಟು ಮೊಳೆಯುತ್ತೆ ಅಂತ ಮೊದಲು ಬರೆದಿಡು’ ಎಂದೆ. ‘ಡಬ್ಬದ ಮೇಲಿಂದ ಮಾತ್ರ ತಂದಿದ್ದೀಯಲ್ಲಮ್ಮಾ!’ ಎಂದಳು ಅವಳು, ಡಬ್ಬ ತರಲು ಎದ್ದು ಹೋಗುತ್ತಾ.