ವಿಮಾನವಿಲ್ಲದ ರನ್‌ವೇ

ಬರ್ಲಿನ್ನಿಗೆ ಹೋದವರು ಟೆಂಪಲ್‌ಹೋಫ್ ಬಯಲನ್ನು ನೋಡದೆ ಬರಬಾರದು. ಊರ ನಡುವೆ ಸುಮಾರು 300 ಹೆಕ್ಟೇರ್ ಬಟ್ಟಬಯಲು! 1948-49ರಲ್ಲಿ ಸೋವಿಯತ್ ದಿಗ್ಬಂಧನಕ್ಕೆ ಸಿಕ್ಕಿದ್ದ ಪಶ್ಚಿಮ ಬರ್ಲಿನ್ನಿಗೆ ವಿಮಾನಗಳು ಹಿಟ್ಟು, ಕಲ್ಲಿದ್ದಲು ತಂದಿಳಿಸಿದ್ದು ಇಲ್ಲಿ. 2008ರಲ್ಲಿ ನಿಲ್ದಾಣ ಮುಚ್ಚಿತು. 2010ರಿಂದ ಅದೇ ರನ್‌ವೇ ಮೇಲೆ ಮಕ್ಕಳ ಸೈಕಲ್ಲು, ಗಾಳಿಪಟ.

ಬಯಲಿನ ಅಂಚಿನಲ್ಲಿ ಸುಮಾರು 4,700 ಮನೆ ಕಟ್ಟಲು ನಗರಾಡಳಿತ ಹೊರಟಿತು. ಬಾಡಿಗೆ ಏರುತ್ತಿದ್ದ ಊರಿಗೆ ಮನೆ ಬೇಕಿತ್ತು, ನಿಜ. ಅವು ತಮ್ಮ ಕೈಗೆಟುಕುತ್ತವೆಯೇ ಎಂಬುದು ನಿವಾಸಿಗಳ ಅನುಮಾನ. ಹುಲ್ಲುನೆಲ ರಾತ್ರಿ ಕಾಂಕ್ರೀಟಿಗಿಂತ ಬೇಗ ತಣಿದು ಅಕ್ಕಪಕ್ಕದ ಬೀದಿಗಳಿಗೂ ತಂಪು ಕೊಡುತ್ತದೆ. ಸ್ಕೈಲಾರ್ಕ್ ಹಕ್ಕಿ ಗೂಡು ಕಟ್ಟುವುದೂ ಆ ಹುಲ್ಲಿನ ನಡುವೆ, ನೆಲದ ಮೇಲೆಯೇ. (ಕೆರೆಯಂಗಳದಲ್ಲೂ ಬಡಾವಣೆ ಎಬ್ಬಿಸಿದ ನಮಗೆ ಇದು ಸೋಜಿಗವೇ!) 2014ರ ಮೇ 25ರಂದು ಜನಮತಗಣನೆ ನಡೆದು, ಶೇಕಡಾ 64ರಷ್ಟು ಮತ ಬಯಲಿನ ಪರವಾಗಿ ಬಿತ್ತು. ಅದೇ ಕಾನೂನಾಯಿತು, ಯೋಜನೆ ನಿಂತಿತು.