ಐದು ಸಾವಿರದ ಕೋಣೆ

ಕಳೆದ ತಿಂಗಳು ಹಳೆ ವಿದ್ಯಾರ್ಥಿಗಳ ಸಭೆಗೆ ಕಾಲೇಜಿಗೆ ಬಂದಿದ್ದಾಗ ದ್ವಿತೀಯ ಪಿಯುಸಿ ಕಾಮರ್ಸ್‌ನ ಹುಡುಗಿಯೊಬ್ಬಳು ನನ್ನನ್ನು ವರಾಂಡದಲ್ಲಿ ನಿಲ್ಲಿಸಿ ಕೇಳಿದಳು: "ಅಕ್ಕ, ಬೆಂಗಳೂರಿನಲ್ಲಿ ಸಂಬಳ ಎಲ್ಲ ಬಾಡಿಗೆಗೇ ಹೋಗ್ತದಂತೆ, ಹೌದಾ? ಹಾಗಾದ್ರೆ ಯಾಕೆ ಹೋಗುವುದು?" ಅಷ್ಟರಲ್ಲಿ ಬೆಲ್ ಹೊಡೆಯಿತು, ಅವಳು ಕ್ಲಾಸಿಗೆ ಓಡಿದಳು. ಏನಾದರೂ ಬರೆದುಕೊಡು ಎಂದು ಸರ್ ಹೇಳಿದಾಗ ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನೇ ಬರೆಯೋಣ ಅನ್ನಿಸಿತು.

ನಮ್ಮದು ಕಡಬದ ಹತ್ತಿರದ ಮನೆ. ಉಪ್ಪನಿಗೆ ಸ್ವಲ್ಪ ಅಡಿಕೆ ತೋಟ, ಉಮ್ಮ ಬೀಡಿ ಕಟ್ಟುತ್ತಾರೆ. 2022ರಲ್ಲಿ ಬಿ.ಕಾಂ. ಮುಗಿದ ಕೂಡಲೇ ಬೆಂಗಳೂರಿನ ಜಯನಗರದ ಒಂದು ಆಡಿಟ್ ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತು. ಸಂಬಳ 21 ಸಾವಿರ. ಹುಡುಗಿಯನ್ನು ಒಬ್ಬಳೇ ಕಳಿಸುವುದಾ ಎಂಬ ಚರ್ಚೆ ಒಂದು ವಾರ ನಡೆಯಿತು. ಕೊನೆಗೆ ಹೆಗಡೆ ನಗರದಲ್ಲಿರುವ ಉಮ್ಮನ ಸಂಬಂಧಿಕರ ಮನೆಯಲ್ಲಿ ಇರುವುದಾದರೆ ಸರಿ ಎಂದು ತೀರ್ಮಾನವಾಯಿತು. ಬಾಡಿಗೆ ಇಲ್ಲ, ಊಟ ಮನೆಯದು, ಉಮ್ಮನಿಗೆ ರಾತ್ರಿ ನಿದ್ದೆ ಬರುತ್ತದೆ. ಮತ್ತೆಂತ ಬೇಕು?

ಹೆಗಡೆ ನಗರ ಬೆಂಗಳೂರಿನ ಉತ್ತರ ತುದಿ, ಜಯನಗರ ದಕ್ಷಿಣ. ಹೆಗಡೆ ನಗರದಿಂದ ಶಿವಾಜಿನಗರಕ್ಕೆ ಒಂದು ಬಸ್, ಅಲ್ಲಿಂದ ಮತ್ತೊಂದು. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ, ಮಳೆ ಬಂದರೆ ಲೆಕ್ಕವಿಲ್ಲ. ಕಡಬದಿಂದ ಮಂಗಳೂರಿಗೆ ಹೋಗಿ ಸಾಮಾನು ತೆಗೆದುಕೊಂಡು ವಾಪಸ್ ಬರುವಷ್ಟು ಹೊತ್ತನ್ನು ನಾನು ದಿನಾ ಬಸ್ಸಿನಲ್ಲಿ ನಿಂತೇ ಕಳೆದೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು, ಬಿಎಂಟಿಸಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಉಮ್ಮ ಫೋನಿನಲ್ಲಿ, "ನೋಡು, ಈಗ ಬಸ್ಸೂ ಫ್ರೀ, ಮನೆಯೂ ಫ್ರೀ" ಎಂದರು. ನಾನು ಆಗ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಎಂ.ಕಾಂ.ಗೆ ಸೇರಿದ್ದೆ. ಪುಸ್ತಕ ಬ್ಯಾಗಿನಲ್ಲೇ ಇರುತ್ತಿತ್ತು. ರಾತ್ರಿ ಒಂಬತ್ತಕ್ಕೆ ಮನೆ ಮುಟ್ಟಿ, ಆ ಮನೆಯವರು ಎಷ್ಟೇ ಒಳ್ಳೆಯವರಾದರೂ ಪಾತ್ರೆ ತೊಳೆಯದೆ ಮಲಗಲು ನನಗೆ ನಾಚಿಕೆ. ಮೊದಲ ಪರೀಕ್ಷೆಯಲ್ಲಿ ಎರಡು ಪೇಪರ್ ಹೋಯಿತು. ಪಿಯುಸಿಯಲ್ಲಿ ಡಿಸ್ಟಿಂಕ್ಷನ್ ತೆಗೆದವಳಿಗೆ ಅದು ಎಷ್ಟು ಕಷ್ಟವಾಯಿತೆಂದು ನನ್ನ ಹಳೆ ಲೆಕ್ಚರರ್‌ಗಳಿಗೆ ಹೇಳಬೇಕಾಗಿಲ್ಲ.

ಹಾಗೆ ಬಾಡಿಗೆ ಮನೆ ಹುಡುಕಲು ಹೊರಟೆ. ಜೊತೆಗೆ ಆಫೀಸಿನ ಇಬ್ಬರು, ಒಬ್ಬಳು ಸುಳ್ಯದವಳು, ಮತ್ತೊಬ್ಬಳು ಚಿಕ್ಕಮಗಳೂರಿನವಳು.

ಅದೊಂದು ಬೇರೆಯೇ ಪರೀಕ್ಷೆ. 'ಮನೆ ಬಾಡಿಗೆಗಿದೆ' ಎಂಬ ಬೋರ್ಡ್ ನೋಡಿ ಫೋನ್ ಮಾಡಿದರೆ ಮೊದಲು ಊರು ಕೇಳುತ್ತಾರೆ, ಆಮೇಲೆ ಹೆಸರು. ಹೆಸರು ಹೇಳಿದ ಮೇಲೆ, "ಅಯ್ಯೋ, ಈಗಷ್ಟೇ ಬೇರೆಯವರಿಗೆ ಕೊಟ್ಟಾಯ್ತಮ್ಮ." ಮರುದಿನ ಅದೇ ದಾರಿಯಲ್ಲಿ ಹೋದರೆ ಬೋರ್ಡ್ ಹಾಗೆಯೇ ನೇತಾಡುತ್ತಿತ್ತು. ಒಂದೆಡೆ ಸುಳ್ಯದ ಗೆಳತಿ ಮಾತಾಡಿದಳು, ಅವಳು ಹಿಂದೂ. ಕರಾವಳಿಯವರು ಎಂದ ಕೂಡಲೇ, "ಮೀನು ಮಾಡ್ತೀರಲ್ಲ?" ಎಂದು ಬಾಗಿಲು ಹಾಕಿದರು. ಮತ್ತೊಂದೆಡೆ ಮೂವರು ಹುಡುಗಿಯರು ಎಂಬುದೇ ತೊಂದರೆ, 'ಫ್ಯಾಮಿಲಿ' ಬೇಕಂತೆ. ಐದು ಭಾನುವಾರ ಹೀಗೆ ಕಳೆಯಿತು. ಒಂದು ಭಾನುವಾರ ನಾನು ಮೆಟ್ರೋ ಸ್ಟೇಷನ್ನಿನ ಮೆಟ್ಟಿಲಲ್ಲಿ ಕುಳಿತು ಅತ್ತೆ ಕೂಡ. ಇದನ್ನು ಮುಚ್ಚಿಟ್ಟರೆ ನಾಳೆ ನೀವು ಹೋದಾಗ ನಿಮ್ಮದೇ ತಪ್ಪು ಅಂದುಕೊಳ್ಳುತ್ತೀರಿ, ಅದಕ್ಕೆ ಬರೆದೆ.

ಕೊನೆಗೆ ಗುರಪ್ಪನಪಾಳ್ಯದಲ್ಲಿ ಒಬ್ಬರು ವಯಸ್ಸಾದ ಹೆಂಗಸು ತಮ್ಮ ಮನೆಯ ಮೇಲಿನ ಮಹಡಿ ಕೊಟ್ಟರು. ಒಂದು ಕೋಣೆ, ಒಂದು ಹಾಲ್, ಅಡುಗೆಮನೆ. ಬಾಡಿಗೆ 15 ಸಾವಿರ, ತಲಾ ಐದು. ಅಡ್ವಾನ್ಸ್ ಒಂದು ಲಕ್ಷ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುವ ರೂಢಿ ಬಹಳ ಹಳೆಯದು, ಇವರು ಕಡಿಮೆಯೇ ಕೇಳಿದರು. ಕರಾರು ಹನ್ನೊಂದು ತಿಂಗಳಿಗೆ. ಯಾಕೆ ಹನ್ನೊಂದು ಎಂದು ಕಾಮರ್ಸ್‌ನವರು ಯೋಚಿಸಿ: 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಗೇಣಿ ಕರಾರನ್ನು ಕಡ್ಡಾಯವಾಗಿ ನೋಂದಾಯಿಸಬೇಕು, ಆ ಖರ್ಚು ಯಾರಿಗೂ ಬೇಡ. ಕರಾರನ್ನು ಪೂರ್ತಿ ಓದಿಯೇ ಸಹಿ ಹಾಕಿ. ಮನೆ ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ಸಾಲು ಸಾಮಾನ್ಯವಾಗಿ ಕೊನೆಯಲ್ಲಿ ಇರುತ್ತದೆ.

ನನ್ನ ಪಾಲಿನ 33 ಸಾವಿರ ನನ್ನಲ್ಲಿರಲಿಲ್ಲ. ಉಮ್ಮ ಕೊಟ್ಟರು, ಬೀಡಿಯಿಂದ ಕೂಡಿಟ್ಟದ್ದು. ಕೊಡುವ ಮೊದಲು ಲೆಕ್ಕ ಹಾಕಿದರು. ಸಾವಿರ ಬೀಡಿಗೆ ಸಿಗುವ ಮಜೂರಿ, ದಿನಕ್ಕೆ ಐನೂರು ಬೀಡಿ, ತಿಂಗಳಿಡೀ ಕಟ್ಟಿದರೂ ನನ್ನ ಪಾಲಿನ ಬಾಡಿಗೆ ಆಗುವುದಿಲ್ಲ. "ಇದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಮಗಳೇ" ಎಂದರು. ನನ್ನಲ್ಲಿ ಉತ್ತರ ಇರಲಿಲ್ಲ. ಮನೆಗೆ ಕಳಿಸುತ್ತಿದ್ದ ಹತ್ತು ಸಾವಿರ ಆ ತಿಂಗಳಿಂದ ಆರು ಸಾವಿರವಾಯಿತು. ತಮ್ಮನ ಐಟಿಐ ಫೀಸಿಗೆ ಉಪ್ಪ ಆ ವರ್ಷ ಅಡಿಕೆಯನ್ನು ರೇಟ್ ಬರುವವರೆಗೆ ಕಾಯದೆ ಮಾರಿದರು. ಅದನ್ನು ನನಗೆ ಹೇಳಿದ್ದು ತಮ್ಮ, ಉಪ್ಪ ಅಲ್ಲ.

ಹೊಸ ಮನೆಯಿಂದ ಆಫೀಸಿಗೆ ಇಪ್ಪತ್ತೈದು ನಿಮಿಷದ ನಡಿಗೆ. ಸಂಜೆ ಏಳಕ್ಕೆ ಅನ್ನ ಒಲೆಯ ಮೇಲೆ, ಎಂಟಕ್ಕೆ ಪುಸ್ತಕ ಕೈಯಲ್ಲಿ. ಕರೆಂಟಿಗೆ ಗೃಹಜ್ಯೋತಿ ಬಾಡಿಗೆದಾರರಿಗೂ ಇದೆ, ಅರ್ಜಿ ಹಾಕಿದೆವು. ಆದರೆ 2024ರ ಬೇಸಿಗೆ ಮರೆಯುವುದಿಲ್ಲ. ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿ ಎಲ್ಲೆಲ್ಲೂ ಟ್ಯಾಂಕರ್. ನಮಗೂ ತಿಂಗಳಿಗೆ ಆರೇಳು ನೂರು ಹೆಚ್ಚು ಬಿತ್ತು, ಸ್ನಾನಕ್ಕೆ ಒಬ್ಬೊಬ್ಬರಿಗೆ ಒಂದೇ ಬಕೆಟ್. ಮನೆಯ ಬಾವಿಕಟ್ಟೆಯಲ್ಲಿ ಕೊಡಪಾನ ತುಂಬಿ ಚೆಲ್ಲುತ್ತಿದ್ದದ್ದು ಆಗ ಕನಸಿನಲ್ಲೂ ಬಂದಿದೆ.

ಉಳಿದಿದ್ದ ಎರಡು ಪೇಪರ್ ಆ ವರ್ಷವೇ ಪಾಸಾಯಿತು, ಆಮೇಲೆ ಎಂ.ಕಾಂ. ಕೂಡ. ಆಫೀಸಿನಲ್ಲಿ ಜಿಎಸ್‌ಟಿ ಫೈಲುಗಳನ್ನು ಈಗ ನಾನೇ ನೋಡಿಕೊಳ್ಳುತ್ತೇನೆ. ಸಂಬಳ 34 ಸಾವಿರ. ಮನೆಗೆ ಮತ್ತೆ ಹತ್ತು ಸಾವಿರ ಹೋಗುತ್ತಿದೆ, ಉಮ್ಮನ 33 ಸಾವಿರ ತೀರಿಸಿದ್ದೇನೆ.

ಹಾಗೆಂದು ಎಲ್ಲರೂ ಗಂಟು ಕಟ್ಟಿ ಎಂದು ನಾನು ಹೇಳುತ್ತಿಲ್ಲ. ನನ್ನದೇ ಬೆಂಚಿನ ಗೆಳತಿ ಕಬಕ ಪುತ್ತೂರಿನಿಂದ ದಿನಾ ರೈಲಿನಲ್ಲಿ ಮಂಗಳೂರಿಗೆ ಹೋಗಿ ಬಂದು ಕೆಲಸ ಮಾಡುತ್ತಾಳೆ. ಸಂಬಳ ನನಗಿಂತ ಬಹಳ ಕಡಿಮೆ, ಉಳಿತಾಯ ನನ್ನ ಎರಡರಷ್ಟು! ನಮ್ಮ ಕ್ಲಾಸಿನ ಹುಡುಗನೊಬ್ಬ ಬೆಂಗಳೂರಿನಲ್ಲಿ ಡಾಟಾ ಎಂಟ್ರಿಗೆ 18 ಸಾವಿರಕ್ಕೆ ಸೇರಿ, ಒಂಬತ್ತು ಸಾವಿರ ಪಿಜಿಗೆ ಕೊಟ್ಟು, ಒಂದು ವರ್ಷದಲ್ಲಿ ಸಾಲ ಹೊತ್ತು ಬಂದ. ಅದೇ ಕೆಲಸ ಮಂಗಳೂರಿನಲ್ಲೂ ಇತ್ತು. ಅವನ ವಿಷಯದಲ್ಲಿ ಉಮ್ಮ ಹೇಳಿದ ಹುಣಸೆಹಣ್ಣಿನ ಮಾತು ಸರಿ. ನನಗೆ ಸಿಕ್ಕಿದ ಕಲಿಕೆ ಇಲ್ಲಿ ಸಿಗುತ್ತಿರಲಿಲ್ಲ, ಅದಕ್ಕೆ ನಾನು ಬಾಡಿಗೆ ಕೊಟ್ಟೆ. ಕೊಡುವುದೇ ಆದರೆ ಆಫೀಸಿನ ಹತ್ತಿರ, ಸಣ್ಣದಾದರೂ ಸರಿ, ಹಂಚಿಕೊಂಡು ಇರಿ ಎಂದು ಮಾತ್ರ ಹೇಳುತ್ತೇನೆ. ದೂರದ ದೊಡ್ಡ ಮನೆ ಹುಡುಕಿ ಹೋದವರ ಬಗ್ಗೆ ನನಗೆ ಕನಿಕರವಿದೆ.

ಕಳೆದ ರಂಜಾನ್ ಮುಗಿದ ಮೇಲೆ ಉಮ್ಮ ಮೊದಲ ಸಲ ಬಂದರು, ಶಿರಾಡಿ ಘಾಟಿಯಲ್ಲಿ ಕೆಂಪು ಬಸ್ಸಿನಲ್ಲಿ, ಶಕ್ತಿಯ ದಯದಿಂದ ಫ್ರೀಯಾಗಿ. ಚೀಲದಲ್ಲಿ ನಾಲ್ಕು ತೆಂಗಿನಕಾಯಿ, ಒಣಮೀನು. ಬಂದವರೇ ಬಾಗಿಲಿನ ಚಿಲಕ ಎಳೆದು ನೋಡಿದರು, ಕಿಟಕಿಯ ಸರಳು ಮುಟ್ಟಿದರು, ಕೆಳಗೆ ಹೋಗಿ ಮನೆಯ ಯಜಮಾನಿಯೊಂದಿಗೆ ಒಂದು ಗಂಟೆ ಮಾತಾಡಿದರು. ಅವರಿಗೆ ಕನ್ನಡ ಅಷ್ಟಕ್ಕಷ್ಟೆ, ಇವರಿಗೆ ಬ್ಯಾರಿ ಬರುವುದಿಲ್ಲ, ಏನು ಮಾತಾಡಿದರೋ. ರಾತ್ರಿ ಮಲಗುವಾಗ, "ಐದು ಸಾವಿರವಾ?" ಎಂದು ಇನ್ನೊಮ್ಮೆ ಕೇಳಿದರು. ಹೌದು ಎಂದೆ. ಮುಸುಕು ಎಳೆದು ಮಲಗಿದರು.

ಈಗ ಚಿಕ್ಕಮಗಳೂರಿನವಳಿಗೆ ಮದುವೆ ನಿಶ್ಚಯವಾಗಿದೆ. ಅವಳು ಹೋದರೆ ನಮ್ಮಿಬ್ಬರ ಪಾಲು ಏಳೂವರೆ ಸಾವಿರವಾಗುತ್ತದೆ. ಈ ಸಲ ಡಿಗ್ರಿ ಮುಗಿಸಿ ಅತ್ತ ಬರುವ ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿನಿಯರು ಇದ್ದರೆ ಆಫೀಸಿನಲ್ಲಿ ತಿಳಿಸಿ, ನನ್ನ ನಂಬರ್ ಅಲ್ಲಿದೆ. ಗಂಜಿ ಮಾಡಲು ಬಂದರೆ ಸಾಕು. ಮೀನು ಸುಳ್ಯದವಳು ಮಾಡುತ್ತಾಳೆ.