ಇನ್ನೊಂದು ಸಲ, ತಾತ

ವೈದ್ಯಕೀಯ ಸೀಟು ಕೈತಪ್ಪಿದ ಮನೆಯಲ್ಲಿ ಫಿಸಿಯೊಥೆರಪಿಯ ಹೆಸರು ಮೊದಲು ಕೇಳಿಬರುವುದು ಸಮಾಧಾನದ ಮಾತಾಗಿ. "ಇರಲಿ ಬಿಡಿ, ಅದೂ ಆಸ್ಪತ್ರೆಯ ಕೆಲಸವೇ ಅಲ್ಲವೆ?" ಎನ್ನುತ್ತ ನೆಂಟರು ಕಾಫಿ ಹೀರುತ್ತಾರೆ; ಮಗಳು ತಲೆ ತಗ್ಗಿಸುತ್ತಾಳೆ. ಪಾಪ, ತಲೆ ತಗ್ಗಿಸುವಂಥದು ಅಲ್ಲಿ ಏನೂ ಇಲ್ಲ.

ಈ ವೃತ್ತಿ ಸಂಘಟಿತವಾದದ್ದೇ ಮಾನರಕ್ಷಣೆಗಾಗಿ. ಅಂಗಮರ್ದನದ ಹೆಸರಿಗೆ ಲಂಡನ್ನಿನಲ್ಲಿ ಅಪಕೀರ್ತಿ ತಟ್ಟಿದ್ದಾಗ, 1894ರಲ್ಲಿ ನಾಲ್ವರು ದಾದಿಯರು ಸಂಘ ಕಟ್ಟಿ ಪರೀಕ್ಷೆಯನ್ನೂ ಶಿಸ್ತನ್ನೂ ತಂದರು. ಭಾರತದಲ್ಲಿ ಇದರ ಅಗತ್ಯವನ್ನು ಮನಗಾಣಿಸಿದ್ದು ಪೋಲಿಯೊ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ 1950ರ ದಶಕದಲ್ಲಿಯೇ ಶಿಕ್ಷಣ ಮೊದಲಾಯಿತು.

ಇಂದು ಕರ್ನಾಟಕದಲ್ಲಿ ಪಿ.ಯು.ಸಿ.ಯಲ್ಲಿ ಜೀವಶಾಸ್ತ್ರ ಓದಿದವರಿಗೆ ಬಿ.ಪಿ.ಟಿ. ಪದವಿಯುಂಟು: ನಾಲ್ಕು ವರ್ಷದ ಪಾಠ, ಅದರ ಮೇಲೆ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಅಂಗರಚನೆಯ ಪಾಠದಲ್ಲಿ ರಿಯಾಯಿತಿ ದೊರೆಯುವುದೆಂದು ಯಾರೂ ಭ್ರಮಿಸಬೇಕಾಗಿಲ್ಲ. ಮುಂದೆ ಎಂ.ಪಿ.ಟಿ.ಯಲ್ಲಿ ಎಲುಬು-ಕೀಲು, ನರ, ಹೃದಯ-ಶ್ವಾಸಕೋಶ, ಕ್ರೀಡೆ ಎಂಬ ಕವಲುಗಳು. ಮೊದಲ ಸಂಬಳ ಹಿಗ್ಗುವಷ್ಟಿರದು. ಇದನ್ನು ತಂದೆತಾಯಿಯರಿಂದ ಮುಚ್ಚಿಡುವುದು ತರವಲ್ಲ.

ಆದರೆ ಪಾರ್ಶ್ವವಾಯು ಬಡಿದವರ ಮನೆಗೆ ಹೋಗಿ ನೋಡಬೇಕು. ವೈದ್ಯರು ಜೀವ ಉಳಿಸಿ ಕಳುಹಿಸಿರುತ್ತಾರೆ. ಉಳಿದ ಜೀವಕ್ಕೆ ಒಂದು ಲೋಟ ಎತ್ತಲಾಗದು. ಒಂದೇ ಚಲನೆಯನ್ನು ನೂರಾರು ಸಲ ಮಾಡಿಸಿದರೆ, ಮಿದುಳಿನ ಉಳಿದ ಭಾಗ ಕಳೆದುಹೋದ ಪಾಠವನ್ನು ಮೆಲ್ಲನೆ ಕಲಿತುಕೊಳ್ಳುತ್ತದೆ. ಎಲ್ಲರಲ್ಲೂ ಅಲ್ಲ, ಪೂರ್ತಿಯಾಗಿಯೂ ಅಲ್ಲ. ವೃದ್ಧರು ರೇಗುತ್ತಾರೆ, ಅಳುತ್ತಾರೆ. ಇಪ್ಪತ್ತಮೂರರ ಹುಡುಗಿ "ಇನ್ನೊಂದು ಸಲ, ತಾತ" ಎನ್ನುತ್ತ ಕೈಹಿಡಿದು ಕುಳಿತಿರುತ್ತಾಳೆ. ಹಲವು ವಾರಗಳ ಮೇಲೆ ಅಂಗಿಯ ಒಂದು ಗುಂಡಿಯನ್ನು ತಾವೇ ಹಾಕಿಕೊಂಡ ಆ ಹಿರಿಯರು, "ನಾಳೆ ಎಷ್ಟು ಗಂಟೆಗೆ ಬರುವೆಯಮ್ಮ?" ಎಂದು ಕೇಳುತ್ತಾರೆ.